ಜೀಪಿನ ಕೆಂಪು ದೀಪ

(ಗೂಡಲೂರು ಭಾಗದ ಎಸ್ಟೇಟ್ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)





ಇಂದಿನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಉಪದೇಶಿಯಾದವರು ಎದ್ದು ನಿಂತರೆ ಜಪ, ಸಂಸ್ಕಾರಗಳ ಮಾತು ಬರುತ್ತದೆ. ಸಂಘದವರು ನಿಂತರೆ ಕೂಲಿ, ಬೋನಸ್ಸು, ಗ್ರಾಚುಟಿ ಮಾತು ಬರುತ್ತದೆ. ಈ ದಿನ ಹಳೆಯ ಜೀಪಿನ ಎಂಜಿನ್ನಿಗೆ ಸಿಕ್ಕಿಸಿರುವ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನಾದ ಒಂದು ಸಾಮಾನಿನ ವಿಚಾರ ಮಾತಾಡಬೇಕೆಂದು ಹೊರಟಿದ್ದೇವೆ. ಅಂಗಡಿಯಲ್ಲಿ ಅದಕ್ಕೆ ಆಯಿಲ್ ಪ್ರೆಷರ್ ಸ್ವಿಚ್ಚು ಎನ್ನುತ್ತಾರೆ. ಈಚಿನ ಹುಡುಗರು ಸೆನ್ಸರ್ ಎನ್ನುತ್ತಾರೆ. ನಮ್ಮ ಲೈನುಗಳಲ್ಲಿ ಕನ್ನಡ, ತಮಿಳು, ಮಲಯಾಳ, ಬಡಗ ಮಾತು ಎಲ್ಲವೂ ಉಂಟು. ಆದರೆ ಯಾವ ಭಾಷೆಯವನ ಅಂಗಡಿಗೆ ಹೋದರೂ ‘ಆಯಿಲ್ ಸ್ವಿಚ್ಚು ಕೊಡಿ’ ಎಂದರೆ ಅರ್ಥವಾಗುತ್ತದೆ. ಬೆಲೆ ಕೆಲವು ನೂರು ರೂಪಾಯಿ. ಅದನ್ನು ಬದಲಾಯಿಸಲು ಕೈ ಹೋಗದ ಜಾಗದಲ್ಲಿ ಕೈ ಹಾಕಬೇಕು, ಅಷ್ಟೇ ಕಷ್ಟ.

ಈ ವಿಷಯ ಆರಿಸಿಕೊಂಡುದಕ್ಕೆ ಕಾರಣವಿದೆ. ಕಳೆದ ಮಳೆಗಾಲದಲ್ಲಿ ನಡೆದ ಒಂದು ಘಟನೆಯ ಮೇಲೆ ನಮ್ಮಲ್ಲೇ ಎರಡು ಪಕ್ಷವಾಗಿದೆ. ಜೀಪು ಓಡಿಸುವ ನಮ್ಮ ತಮ್ಮನ ಮೇಲೆ ದೂರು ಬಂದಿದೆ. ದೂರನ್ನು ಸಭೆಯಲ್ಲೇ ಎತ್ತಿ ಸಭೆಯಲ್ಲೇ ತೀರಿಸುವುದು ನ್ಯಾಯ. ಆದುದರಿಂದ ಮೊದಲು ಸಾಮಾನಿನ ವಿಚಾರ, ಅನಂತರ ದೂರಿನ ವಿಚಾರ.

ಎಂಜಿನ್ನಿನೊಳಗೆ ಎಣ್ಣೆಯ ಕೆಲಸ

ಎಂಜಿನ್ನಿನ ಒಳಗೆ ಕ್ರ್ಯಾಂಕು ಎಂಬ ದಪ್ಪ ಕಬ್ಬಿಣದ ದಂಡವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದು ಬೇರಿಂಗಿನ ಮೇಲೆ ಕುಳಿತಿದೆ ಎಂದು ನಾವು ಹೇಳುತ್ತೇವೆ. ನಿಜ ನೋಡಿದರೆ ಓಡುವಾಗ ಅದು ಬೇರಿಂಗನ್ನು ಮುಟ್ಟುವುದೇ ಇಲ್ಲ. ಎರಡರ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರ ಇರುತ್ತದೆ. ದಂಡವು ಆ ಎಣ್ಣೆಯ ಮೇಲೆ ತೇಲುತ್ತದೆ. ತಳದ ತೊಟ್ಟಿಯಿಂದ ಎಣ್ಣೆಯನ್ನು ಒಂದು ಪಂಪು ಎಳೆದು, ಫಿಲ್ಟರಿನ ಮೂಲಕ ದಾಟಿಸಿ, ಸಣ್ಣ ಸಣ್ಣ ದಾರಿಗಳಲ್ಲಿ ಒತ್ತಡದಿಂದ ನೂಕುತ್ತದೆ. ಆ ಒತ್ತಡ ಇಳಿದರೆ ಪದರ ಹರಿಯುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ, ಬೇರಿಂಗಿನ ಮೆತ್ತನೆಯ ಲೋಹ ಕರಗಿ ಅಂಟುತ್ತದೆ. ಎಂಜಿನ್ ಹಿಡಿದುಕೊಂಡಿತು ಎನ್ನುತ್ತಾರಲ್ಲ, ಅದು ಇದೇ. ಇದಕ್ಕೆ ಗಂಟೆಗಟ್ಟಲೆ ಸಮಯ ಬೇಡ, ಕೆಲವು ನಿಮಿಷ ಸಾಕು.

ಈ ಒತ್ತಡ ಇದೆಯೋ ಇಲ್ಲವೋ ಎಂದು ಕಾಯುವ ಕಾವಲುಗಾರನೇ ಆಯಿಲ್ ಸ್ವಿಚ್ಚು. ಅದರ ಒಳಗೆ ಒಂದು ತೆಳುವಾದ ಪೊರೆ, ಒಂದು ಸ್ಪ್ರಿಂಗು, ಕರೆಂಟು ಕೂಡುವ ಒಂದು ಬಿಂದು. ಒತ್ತಡವಿಲ್ಲದಾಗ ಸ್ಪ್ರಿಂಗು ಬಿಂದುವನ್ನು ಕೂಡಿಸಿ ಹಿಡಿದಿರುತ್ತದೆ. ಚಾಲಕನ ಮುಂದಿನ ಕೆಂಪು ದೀಪಕ್ಕೆ ಎಂಜಿನ್ನಿನ ಮೈಯ ಮೂಲಕ ಅರ್ಥು ಸಿಕ್ಕಿ ದೀಪ ಹತ್ತುತ್ತದೆ. ಎಂಜಿನ್ ಹೊರಟು ಎಣ್ಣೆ ಒತ್ತಿದಾಗ ಪೊರೆ ಎದ್ದು ಬಿಂದುವನ್ನು ಬಿಡಿಸುತ್ತದೆ, ದೀಪ ಆರುತ್ತದೆ. ಆದುದರಿಂದ ಕೀಲಿ ತಿರುಗಿಸಿದಾಗ ದೀಪ ಹತ್ತಬೇಕು, ಎಂಜಿನ್ ಹೊರಟ ಕೆಲವೇ ಕ್ಷಣಗಳಲ್ಲಿ ಆರಬೇಕು. ಈ ಎರಡೂ ಆದರೆ ಕಾವಲುಗಾರ ಎಚ್ಚರವಾಗಿದ್ದಾನೆ ಎಂದು ತಿಳಿಯಬೇಕು.

ಹತ್ತು ಮಂದಿ ಕನ್ಯೆಯರ ಸಾಮತಿಯನ್ನು ನಾವೆಲ್ಲ ಬಲ್ಲೆವು. ಐದು ಮಂದಿ ಎಣ್ಣೆ ತಂದಿದ್ದರು, ಐದು ಮಂದಿ ತರಲಿಲ್ಲ. ಎಣ್ಣೆ ತೀರಿದವರ ದೀಪ ಆರಿತು. ಜೀಪಿನಲ್ಲಿ ಇದು ತಿರುಗುಮುರುಗು: ಎಣ್ಣೆಯ ಬಲ ಇದ್ದರೆ ದೀಪ ಆರುತ್ತದೆ, ಇಲ್ಲದಿದ್ದರೆ ಹತ್ತುತ್ತದೆ. ಕೆಲವು ಹುಡುಗರು ಹತ್ತಿದ ದೀಪವನ್ನು ನೋಡಿ ‘ಎಲ್ಲಾ ಚೆನ್ನಾಗಿದೆ, ಲೈಟು ಬಂದಿದೆ’ ಎನ್ನುವುದನ್ನು ಕೇಳಿದ್ದೇವೆ. ಆದುದರಿಂದ ಇದನ್ನು ಹೇಳಬೇಕಾಯಿತು.

ಇನ್ನೊಂದು ಮಾತನ್ನು ಮನಗಾಣಬೇಕು. ಈ ಸ್ವಿಚ್ಚು ಸಾಮಾನ್ಯವಾಗಿ 4ರಿಂದ 8 ಪೌಂಡಿನ ಒತ್ತಡಕ್ಕೆ ಇಳಿದಾಗ ಮಾತ್ರ ದೀಪ ಹತ್ತಿಸುತ್ತದೆ. ಬಿಸಿಯಾದ ಎಂಜಿನ್ನಿಗೆ ಸಾವಿರ ಸುತ್ತಿಗೆ ಸುಮಾರು 10 ಪೌಂಡು ಬೇಕೆಂಬುದು ಮೆಕ್ಯಾನಿಕರ ಒರಟು ಲೆಕ್ಕ; ಸರಿಯಾದ ಅಂಕಿ ಆಯಾ ಗಾಡಿಯ ಪುಸ್ತಕದಲ್ಲಿರುತ್ತದೆ. ಅಂದರೆ ಒತ್ತಡ ಪೂರ್ತಿ ಕುಸಿದ ಮೇಲೆಯೇ ಈ ಕಾವಲುಗಾರ ಕೂಗುವುದು. ಅವನು ಕೂಗಿದ ಮೇಲೆ ‘ಇನ್ನೊಂದು ಮೈಲಿ ಹೋಗೋಣ’ ಎನ್ನುವಷ್ಟು ಬಿಡುವು ಉಳಿದಿರುವುದಿಲ್ಲ.

ದಾರಿಯಲ್ಲಿ ದೀಪ ಹತ್ತಿದರೆ

ನಮ್ಮದು ಘಾಟಿಯ ನಾಡು. ನಡುವಟ್ಟಂ ಕಡೆಗೆ ಹತ್ತಿದರೂ ತಿರುವು, ನಾಡುಕಾಣಿ ಕಡೆಗೆ ಇಳಿದರೂ ತಿರುವು. ಇಳಿಜಾರಿನಲ್ಲಿ ದೀಪ ಹತ್ತಿತೆಂದು ಗಾಬರಿಯಾಗಿ ಓಡುತ್ತಿರುವಾಗಲೇ ಎಂಜಿನ್ ಆರಿಸಬಾರದು. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯವೂ ನಿಲ್ಲುತ್ತದೆ. ಎರಡು ಮೂರು ಸಾರಿ ಒತ್ತಿದ ಮೇಲೆ ಪೆಡಲು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮೊದಲು ಗೇರು ಇಳಿಸಿ, ಸುರಕ್ಷಿತವಾದ ಅಂಚಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಅನಂತರ ಎಂಜಿನ್ ಆರಿಸಬೇಕು. ಚಕ್ರಕ್ಕೆ ಕಲ್ಲು ಕೊಡಬೇಕು. ಐದು ಹತ್ತು ನಿಮಿಷ ಕಳೆದ ಮೇಲೆ ಸಮನಾದ ಜಾಗದಲ್ಲಿ ಕಡ್ಡಿ ಎಳೆದು ಎಣ್ಣೆ ನೋಡಬೇಕು. ಗಾಡಿಯ ಕೆಳಗೆ ಸೋರಿದೆಯೇ ಎಂದು ಟಾರ್ಚು ಹಾಕಿ ನೋಡಬೇಕು.

ಎಣ್ಣೆ ಕಡಿಮೆಯಿದ್ದರೆ ಸಂಶಯವೇ ಇಲ್ಲ. ಎಣ್ಣೆ ಹಾಕದೆ, ಸೋರುವುದನ್ನು ನಿಲ್ಲಿಸದೆ ಹೊರಡಬಾರದು. ಎಣ್ಣೆ ಸರಿಯಿದ್ದೂ ದೀಪ ಹತ್ತಿದ್ದರೆ ಮೂರು ಸಾಧ್ಯತೆ: ನಿಜವಾಗಿ ಒತ್ತಡ ಇಲ್ಲ, ಅಥವಾ ಸ್ವಿಚ್ಚು ಕೆಟ್ಟಿದೆ, ಅಥವಾ ಅದರ ವಯರು ಎಲ್ಲೋ ಸುಲಿದು ಮೈಗೆ ತಾಗಿದೆ. ಈ ಮೂರರಲ್ಲಿ ಯಾವುದೆಂದು ಚಾಲಕನು ಸೀಟಿನಲ್ಲಿ ಕುಳಿತು ಹೇಳಲಾರ. ಇದನ್ನು ನೆನಪಿನಲ್ಲಿಡಿ, ದೂರಿನ ವಿಚಾರಕ್ಕೆ ಬಂದಾಗ ಇದೇ ಮಾತು ಬೇಕಾಗುತ್ತದೆ.

ಪತ್ತೆ ಮಾಡುವ ಕ್ರಮ

ಶೆಡ್ಡಿಗೆ ತಂದ ಮೇಲೆ ಹೀಗೆ ನೋಡಬೇಕು. ಕೀಲಿಯನ್ನು ಆನ್ ಮಾಡಿ, ಎಂಜಿನ್ ಹೊರಡಿಸದೆ, ಸ್ವಿಚ್ಚಿನ ವಯರನ್ನು ಕಳಚಬೇಕು. ವಯರು ಕಳಚಿದರೂ ದೀಪ ಉರಿಯುತ್ತಲೇ ಇದ್ದರೆ ವಯರೇ ಎಲ್ಲೋ ಮೈಗೆ ತಾಗಿದೆ, ಸ್ವಿಚ್ಚಿನ ತಪ್ಪಲ್ಲ. ಕಳಚಿದೊಡನೆ ದೀಪ ಆರಿದರೆ ವಯರು ಸರಿ. ತಪ್ಪು ಸ್ವಿಚ್ಚಿನಲ್ಲಿರಬೇಕು, ಇಲ್ಲವೆ ಎಣ್ಣೆಯ ಒತ್ತಡದಲ್ಲಿರಬೇಕು. ಕೀಲಿ ತಿರುಗಿಸಿದಾಗ ದೀಪ ಹತ್ತುವುದೇ ಇಲ್ಲವಾದರೆ ವಯರಿನ ತುದಿಯನ್ನು ಎಂಜಿನ್ನಿನ ಶುಭ್ರವಾದ ಲೋಹಕ್ಕೆ ಮುಟ್ಟಿಸಬೇಕು. ಆಗ ಹತ್ತಿದರೆ ಸ್ವಿಚ್ಚು ಸತ್ತಿದೆ. ಆಗಲೂ ಹತ್ತದಿದ್ದರೆ ಬಲ್ಬು, ಫ್ಯೂಸು ಅಥವಾ ವಯರು ಹೋಗಿದೆ. ಎಂದೂ ಹತ್ತದ ದೀಪ ಎಲ್ಲಕ್ಕಿಂತ ಅಪಾಯದ್ದು. ಅದು ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಯಾರೂ ಅದನ್ನು ವಿಚಾರಿಸುವುದಿಲ್ಲ.

ವಯರಿನ ಮೇಲೆ, ಸ್ವಿಚ್ಚಿನ ತಲೆಯ ಮೇಲೆ ಎಣ್ಣೆ ಒಸರಿದ್ದರೆ ಒಳಗಿನ ಪೊರೆ ಒಡೆದಿದೆ ಎಂದರ್ಥ. ಆ ಸ್ವಿಚ್ಚನ್ನು ಬದಲಾಯಿಸಲೇಬೇಕು. ಆದರೆ ಹಾಗೆ ಕಾಣದಿದ್ದಾಗ ಹೊಸ ಸ್ವಿಚ್ಚು ಹಾಕಿಬಿಟ್ಟರೆ ಮುಗಿಯಿತು ಎಂದು ತಿಳಿಯಬಾರದು. ಹಳೆಯ ಸ್ವಿಚ್ಚು ಬಿಚ್ಚಿದ ತೂತಿಗೆ ಒತ್ತಡ ಅಳೆಯುವ ಗೇಜನ್ನು ಸಿಕ್ಕಿಸಿ, ಎಂಜಿನ್ ಹೊರಡಿಸಿ, ಬಿಸಿಯಾದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಬೇಕು. ಗೇಜು ಎಲ್ಲ ಮೆಕ್ಯಾನಿಕರ ಹತ್ತಿರ ಇರುವುದಿಲ್ಲ, ಇರುವವರನ್ನು ಹುಡುಕಬೇಕು. ಗೇಜಿನಲ್ಲಿ ಒತ್ತಡ ಸರಿಯಿದ್ದರೆ ಮಾತ್ರ ಸ್ವಿಚ್ಚಿನ ಮೇಲೆ ಅಪರಾಧ ಹೊರಿಸಬಹುದು. ಸಾಕ್ಷಿಯಿಲ್ಲದೆ ಯಾರ ಮೇಲೂ ಅಪರಾಧ ಹೊರಿಸಬಾರದೆಂಬುದು ಎಂಜಿನ್ನಿಗೂ ಸಲ್ಲುವ ನ್ಯಾಯ.

ಕೈ ಹೋಗದ ಜಾಗದಲ್ಲಿ ಕೈ

ನಮ್ಮ ಜೀಪಿನಲ್ಲಿ ಈ ಸ್ವಿಚ್ಚು ಬ್ಲಾಕಿನ ಪಕ್ಕದಲ್ಲಿ, ಕೆಳಗಡೆ, ಫಿಲ್ಟರಿನ ಮರೆಯಲ್ಲಿದೆ. ಮೇಲಿನಿಂದ ನೋಡಿದರೆ ಡೀಸೆಲ್ ಪೈಪುಗಳು ಅಡ್ಡ, ಕೆಳಗಿನಿಂದ ನೋಡಿದರೆ ಸ್ಟಿಯರಿಂಗಿನ ದಂಡ ಅಡ್ಡ. ಒಬ್ಬ ಮೆಕ್ಯಾನಿಕರು ಎಂಜಿನ್ ಅರ್ಧ ಎತ್ತದೆ ಆಗುವುದಿಲ್ಲ ಎಂದು ದೊಡ್ಡ ಮೊತ್ತ ಹೇಳಿದರು. ಇನ್ನೊಬ್ಬರು ‘ಯಾಕಣ್ಣಾ ಇಷ್ಟು ಕಷ್ಟ, ವಯರು ಕತ್ತರಿಸಿಬಿಡಿ, ದೀಪದ ಕಾಟ ಇರೋದಿಲ್ಲ’ ಎಂದರು. ಕೊನೆಗೆ ನಮ್ಮ ಯುವಕರೇ ಒಬ್ಬ ಹಿರಿಯ ಫಿಟ್ಟರನ್ನು ಕರೆದುಕೊಂಡು, ಒಂದು ಭಾನುವಾರ ಪೂಜೆ ಮುಗಿದ ಮೇಲೆ ಕುಳಿತು ಮಧ್ಯಾಹ್ನದೊಳಗೆ ಮುಗಿಸಿದರು. ಅವರು ಮಾಡಿದ ಕ್ರಮವನ್ನು ಇತರ ಲೈನಿನವರಿಗೂ ಉಪಯೋಗವಾಗಲೆಂದು ಹೇಳುತ್ತೇವೆ.

ಎಂಜಿನ್ ಪೂರ್ತಿ ಆರಿ ತಣ್ಣಗಾಗಬೇಕು. ಗಾಡಿ ಸಮನಾದ ನೆಲದಲ್ಲಿರಬೇಕು, ಚಕ್ರಕ್ಕೆ ಎರಡು ಕಡೆ ಕಲ್ಲು ಇರಬೇಕು. ಕೆಳಗೆ ಮಲಗಿ ಕೆಲಸ ಮಾಡುವುದಾದರೆ ಬರೀ ಜಾಕಿಯನ್ನು ನಂಬಬಾರದು. ಗಟ್ಟಿಯಾದ ಸ್ಟ್ಯಾಂಡು ಕೊಡಬೇಕು. ಜಾಕಿ ಜಾರಿ ಮೆಕ್ಯಾನಿಕನ ಎದೆಯ ಮೇಲೆ ಗಾಡಿ ಕುಳಿತರೆ ಎತ್ತುವಷ್ಟರಲ್ಲಿ ಪ್ರಾಣ ಇರುವುದಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಬೇಕು, ಇಲ್ಲದಿದ್ದರೆ ಇಕ್ಕಟ್ಟಿನಲ್ಲಿ ಸ್ಪ್ಯಾನರು ತಾಗಿ ಕಿಡಿ ಹಾರುತ್ತದೆ.

ಸುತ್ತಲಿನ ಮಣ್ಣು, ಜಿಡ್ಡು ಎಲ್ಲವನ್ನೂ ಡೀಸೆಲ್ ಮತ್ತು ಬ್ರಷ್ಷಿನಿಂದ ತೊಳೆದು ಒರೆಸಬೇಕು. ಸ್ವಿಚ್ಚು ಬಿಚ್ಚಿದಾಗ ಆ ತೂತು ನೇರ ಎಣ್ಣೆಯ ದಾರಿ. ಅಲ್ಲಿ ಬಿದ್ದ ಮಣ್ಣು ಬೇರಿಂಗಿಗೆ ಹೋಗುತ್ತದೆ. ಗಾಳಿ ಫಿಲ್ಟರಿನ ಪೈಪನ್ನು ತೆಗೆದು, ಮುಂದಿನ ಚಕ್ರ ಬಿಚ್ಚಿ, ಆ ಕಡೆಯ ಮಣ್ಣುತಡೆ ತಗಡನ್ನು ಕಳಚಿದರು. ಆಗ ಚಕ್ರದ ಕಡೆಯಿಂದ ಕೈ ಹೋಗುವಷ್ಟು ಸಂದು ಸಿಕ್ಕಿತು. ಕಣ್ಣಿಗೆ ಕಾಣದ್ದನ್ನು ಕಾಣಲು ಗಡ್ಡ ಮಾಡುವ ಪುಟ್ಟ ಕನ್ನಡಿಯನ್ನು ಕಡ್ಡಿಗೆ ಕಟ್ಟಿ, ಟಾರ್ಚಿನ ಬೆಳಕು ಬಿಟ್ಟು ನೋಡಿದರು. ಕೈಗೆ ಕಾಣದ ಜಾಗದಲ್ಲಿ ಸ್ಪ್ಯಾನರು ಬಿದ್ದರೆ ಹುಡುಕುವುದೇ ಒಂದು ದಿನದ ಕೆಲಸವಾದ್ದರಿಂದ ಅದಕ್ಕೆ ದಾರ ಕಟ್ಟಿದ್ದರು.

ಆಳವಾದ ಬಾಕ್ಸ್ ಸ್ಪ್ಯಾನರು ಇದ್ದರೆ ಒಳ್ಳೆಯದು. ಸ್ವಿಚ್ಚಿನ ಉದ್ದನೆಯ ತಲೆಯನ್ನು ದಾಟಿ ಅದರ ಆರು ಮೂಲೆಯನ್ನು ಹಿಡಿಯುತ್ತದೆ. ಇಕ್ಕಳ ಹಾಕಿ ತಿರುಗಿಸಿದರೆ ತಲೆ ಮುರಿದು ಬುಡ ಒಳಗೆ ಉಳಿಯುತ್ತದೆ. ಆಗ ನಿಜವಾಗಿಯೇ ದೊಡ್ಡ ಮೊತ್ತದ ಕೆಲಸ. ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಹೀಗೆ ಆಡಿಸಿದರೆ ಬರುತ್ತದೆ. ಕೆಳಗೆ ಬಾಣಲೆ ಇಡಬೇಕು. ಸ್ವಲ್ಪ ಎಣ್ಣೆ ಬರುವುದು ಸಹಜ.

ಹೊಸದನ್ನು ಹಾಕುವ ಮೊದಲು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ತಿರುಪಿನ ದಪ್ಪ, ಹಲ್ಲಿನ ಸಾಲು, ವಯರು ಸಿಕ್ಕಿಸುವ ಪಿನ್ನು ಒಂದೇ ಇರಬೇಕು. ಗೇಜಿನ ಮುಳ್ಳು ಆಡಿಸುವ ಬೇರೆ ಜಾತಿಯ ಸಾಮಾನು ಉಂಟು, ನೋಡಲು ಇದರಂತೆಯೇ ಇರುತ್ತದೆ. ಅದನ್ನು ಹಾಕಿದರೆ ದೀಪ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದುದರಿಂದ ಅಂಗಡಿಗೆ ಹೋಗುವಾಗ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು. ನೀರಿನ ಪೈಪಿಗೆ ಸುತ್ತುವ ಬಿಳಿ ಟೇಪನ್ನು ದಪ್ಪಗೆ ಸುತ್ತಬಾರದು. ಒಂದೇ ಪಿನ್ನಿನ ಸ್ವಿಚ್ಚಿಗೆ ತಿರುಪಿನ ಮೂಲಕವೇ ಅರ್ಥು ಸಿಗಬೇಕು. ಟೇಪು ಅದನ್ನು ತಡೆದರೆ ಹೊಸ ಸ್ವಿಚ್ಚೂ ಮೂಕನಾಗುತ್ತದೆ. ಟೇಪಿನ ಚೂರು ಎಣ್ಣೆಯ ದಾರಿಗೂ ಹೋಗಬಹುದು.

ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಬಗ್ಗದಿದ್ದರೆ ಓರೆಯಾಗಿ ಕೂತಿದೆ. ಬಲ ಹಾಕದೆ ಬಿಚ್ಚಿ ಮತ್ತೆ ಹಾಕಬೇಕು. ಅನಂತರ ಸ್ಪ್ಯಾನರಿನಿಂದ ಹದವಾಗಿ ಬಿಗಿ ಮಾಡಿದರೆ ಸಾಕು. ಈ ತಿರುಪು ಹಲವು ಗಾಡಿಗಳಲ್ಲಿ ತುದಿಯತ್ತ ಸಣ್ಣಗಾಗುತ್ತಾ ಹೋಗುತ್ತದೆ. ತೋಳಿನ ಬಲವನ್ನೆಲ್ಲ ಹಾಕಿದರೆ ಬ್ಲಾಕೇ ಬಿರುಕು ಬಿಡಬಹುದು. ವಯರನ್ನು ಬಿಸಿ ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಿ, ಬ್ಯಾಟರಿ ಜೋಡಿಸಿ, ಕೀಲಿ ತಿರುಗಿಸಿ ನೋಡಬೇಕು: ದೀಪ ಹತ್ತಬೇಕು. ಎಂಜಿನ್ ಹೊರಡಿಸಬೇಕು: ದೀಪ ಆರಬೇಕು. ಹತ್ತು ಸೆಕೆಂಡಿನಲ್ಲಿ ಆರದಿದ್ದರೆ ಎಂಜಿನ್ ಆರಿಸಬೇಕು. ಎಲ್ಲ ಸರಿಯಾದ ಮೇಲೆ ಒಂದು ಸುತ್ತು ಓಡಿಸಿ ಬಂದು ಸೋರಿದೆಯೇ ಎಂದು ಮತ್ತೆ ಕನ್ನಡಿ ಹಿಡಿದು ನೋಡಿ, ಕಡ್ಡಿ ಎಳೆದು ಎಣ್ಣೆ ಮಟ್ಟ ಮಾಡಬೇಕು.

ಬಾಣಲೆಯಲ್ಲಿ ಬಿದ್ದ ಹಳೆಯ ಎಣ್ಣೆಯನ್ನು ತೋಡಿಗೆ ಚೆಲ್ಲಬಾರದು. ಮೇಲಿನ ಲೈನಿನವರು ಚೆಲ್ಲಿದ್ದನ್ನು ಕೆಳಗಿನ ಲೈನಿನ ಮಕ್ಕಳು ಕುಡಿಯುತ್ತಾರೆ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಬೇಕು.

ಈಗಿನ ಕಾಮನ್ ರೈಲ್ ಪಿಕಪ್ಪುಗಳಲ್ಲಿ ಇನ್ನೂ ಹೆಚ್ಚು ಸೆನ್ಸರುಗಳಿವೆ. ಕ್ರ್ಯಾಂಕಿನ ಸುತ್ತನ್ನು ಎಣಿಸುವ ಸೆನ್ಸರು ಕೆಟ್ಟರೆ ಎಂಜಿನ್ ಬಿಸಿಯಾದಾಗ ತಟಕ್ಕನೆ ನಿಂತು, ತಣ್ಣಗಾದ ಮೇಲೆ ಮತ್ತೆ ಹೊರಡಬಹುದು. ಅಲ್ಲಿಯೂ ಕ್ರಮ ಇದೇ: ಮೊದಲು ವಯರು, ಕನೆಕ್ಟರು ನೋಡಿ, ಪರೀಕ್ಷೆ ಮಾಡಿ, ಆಮೇಲೆ ಸಾಮಾನು ಬದಲಾಯಿಸಬೇಕು.

ದೂರಿನ ವಿಚಾರ

ಈಗ ಆ ರಾತ್ರಿಯ ವಿಚಾರ. ಹೆರಿಗೆ ನೋವು ಬಂದ ಒಬ್ಬ ತಂಗಿಯನ್ನು ಕರೆದುಕೊಂಡು ಜೀಪು ಗೂಡಲೂರಿಗೆ ಹೊರಟಿತ್ತು. 108ಕ್ಕೆ ಕರೆ ಹೋಗಿತ್ತು; ಮಳೆಯಲ್ಲಿ ಎಸ್ಟೇಟ್ ರಸ್ತೆಗೆ ಅದು ಹತ್ತಿ ಬರುವಷ್ಟರಲ್ಲಿ ತಡವಾಗುವುದೆಂದು ಜೀಪೇ ಎದುರು ಹೊರಟಿತು. ಅರ್ಧ ದಾರಿಯಲ್ಲಿ ಕೆಂಪು ದೀಪ ಹತ್ತಿತು. ನಮ್ಮ ತಮ್ಮ ಜೀಪು ನಿಲ್ಲಿಸಿದ. ಒಳಗಿದ್ದವರು ‘ಹೋಗು, ಹೋಗು’ ಎಂದು ಕೂಗಿದರು. ಅವನು ಕಡ್ಡಿ ಎಳೆದು ನೋಡಿದ, ಎಣ್ಣೆ ಇತ್ತು. ಆದರೂ ಹೊರಡಲಿಲ್ಲ. 108ಕ್ಕೆ ಮತ್ತೆ ಫೋನು ಮಾಡಿ ನಿಂತ ಜಾಗ ಹೇಳಿದ. ಹಿಂದಿನಿಂದ ಬಂದ ಒಂದು ಪಿಕಪ್ಪನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ ತಂಗಿಯನ್ನೂ ಜೊತೆಯ ಅಕ್ಕನನ್ನೂ ಮುಂದೆ ಕೂರಿಸಿ ಕಳುಹಿಸಿದ. ದಾರಿಯಲ್ಲಿ ಆಂಬುಲೆನ್ಸು ಸಿಕ್ಕಿತು. ತಾಯಿ ಮಗು ಇಬ್ಬರೂ ಕ್ಷೇಮ. ಮಗುವಿಗೆ ನಮ್ಮ ಧರ್ಮಕೇಂದ್ರದಲ್ಲೇ ಜ್ಞಾನಸ್ನಾನವಾಯಿತು.

ಮರುದಿನ ನೋಡಿದರೆ ಒತ್ತಡ ಸರಿಯಿತ್ತು, ಕೆಟ್ಟಿದ್ದುದು ಸ್ವಿಚ್ಚು ಮಾತ್ರ. ಆಗ ದೂರು ಎದ್ದಿತು: ‘ಎಂಜಿನ್ನಿಗೆ ಏನೂ ಆಗಿರಲಿಲ್ಲ, ಇವನು ಸುಮ್ಮನೆ ನಿಲ್ಲಿಸಿದ. ಆ ಕಾಲು ಗಂಟೆಯಲ್ಲಿ ಏನಾದರೂ ಆಗಿದ್ದರೆ?’ ದೂರು ಹೇಳಿದವರು ಕೆಟ್ಟವರಲ್ಲ; ಮನೆಯ ಹೆಣ್ಣುಮಗಳ ಪ್ರಾಣದ ಭಯದಲ್ಲಿ ಹೇಳಿದರು. ಆದರೆ ಲೆಕ್ಕ ಹಾಕಿ ನೋಡೋಣ. ಆ ರಾತ್ರಿ ಸೀಟಿನಲ್ಲಿ ಕುಳಿತವನಿಗೆ ಸುಳ್ಳು ದೀಪ ಯಾವುದು, ನಿಜ ದೀಪ ಯಾವುದು ಎಂದು ತಿಳಿಯುವ ಉಪಾಯವಿರಲಿಲ್ಲ. ನಿಜವಾಗಿದ್ದರೆ ಎಂಜಿನ್ ಹಿಡಿದು, ಮಳೆಯಲ್ಲಿ, ಆನೆ ಓಡಾಡುವ ದಾರಿಯಲ್ಲಿ, ಮನೆಯೂ ಇಲ್ಲದ ತಿರುವಿನಲ್ಲಿ ಎಲ್ಲರೂ ನಿಲ್ಲಬೇಕಾಗುತ್ತಿತ್ತು. ಅವನು ನಿಲ್ಲಿಸಿದ್ದು ಬೇರೆ ವಾಹನ ಓಡಾಡುವ, ಫೋನು ಸಿಗುವ ಕೂಡುರಸ್ತೆಯಲ್ಲಿ. ನಿಲ್ಲಿಸಿ ಸುಮ್ಮನೆ ಕೂರಲಿಲ್ಲ, ತಂಗಿಗೆ ದಾರಿ ಮಾಡಿದ. ನಮ್ಮ ಅಭಿಪ್ರಾಯದಲ್ಲಿ ಅವನು ಮಾಡಿದ್ದು ಸರಿ. ಸಂಘದ ಪುಸ್ತಕದಲ್ಲಿ ಹಾಗೆಯೇ ಬರೆಯಬೇಕೆಂದು ಹಿರಿಯರನ್ನು ಕೇಳಿಕೊಳ್ಳುತ್ತೇವೆ.

ಎದುರು ಉದಾಹರಣೆಯೂ ನಮ್ಮ ಕಣ್ಣ ಮುಂದಿದೆ. ಪಕ್ಕದ ಒಂದು ಎಸ್ಟೇಟಿನಲ್ಲಿ ಎಲೆ ಸಾಗಿಸುವ ಗಾಡಿಗೆ ಇದೇ ರೀತಿ ಸುಳ್ಳು ದೀಪ ಬಂತು. ಕೈ ಹೋಗದ ಜಾಗ, ಸಮಯ ಹಿಡಿಯುವ ಕೆಲಸ ಎಂದು ವಯರು ಕತ್ತರಿಸಿದರು. ದೀಪದ ಕಾಟ ಇಲ್ಲವಾಯಿತು. ಕೆಲವು ತಿಂಗಳ ಮೇಲೆ ಫಿಲ್ಟರಿನ ರಬ್ಬರು ಹೋಗಿ ಎಣ್ಣೆಯೆಲ್ಲ ಸೋರಿತು. ಹೇಳುವವರು ಯಾರೂ ಇರಲಿಲ್ಲ. ಏರಿನಲ್ಲಿ ಎಂಜಿನ್ ಹಿಡಿದು ಗಾಡಿ ನಿಂತಿತು. ಹಿಂದೆ ಎಲೆ ಚೀಲದ ಮೇಲೆ ಹೆಂಗಸರು ಕುಳಿತಿದ್ದರು. ದೇವರ ದಯೆಯಿಂದ ಗಾಡಿ ಹಿಂದಕ್ಕೆ ಜಾರಿ ದಿಬ್ಬಕ್ಕೆ ತಗುಲಿ ನಿಂತಿತು. ಇನ್ನೊಂದು ಪಕ್ಕಕ್ಕೆ ಜಾರಿದ್ದರೆ ಕಣಿವೆ. ಸುಳ್ಳು ದೀಪ ಸಹಿಸಲಾಗದೆ ವಯರು ಕತ್ತರಿಸಿದವರಿಗೆ ನಿಜವಾದ ದೀಪವೂ ಇಲ್ಲದೆ ಹೋಯಿತು. ಆಮೇಲೆ ಚಾಲಕನ ಎರಡು ದಿನದ ಮಸ್ಟರು ಕಡಿದರು, ವಯರು ಕತ್ತರಿಸಲು ಹೇಳಿದವರಿಗೆ ಏನೂ ಆಗಲಿಲ್ಲ. ಸಂಘದಿಂದ ಕಾಗದ ಬರೆದು, ಎರಡು ಬಾರಿ ಆಫೀಸಿಗೆ ಹೋಗಿ ಬಂದ ಮೇಲೆ ಆ ಎರಡು ದಿನದ ಕೂಲಿ ವಾಪಸು ಬಂತು.

ವಾಹನದ ವಿಚಾರ ತೋಟದವರಿಗೆ ಸಣ್ಣ ವಿಚಾರವಲ್ಲ. 2023ರ ಆಗಸ್ಟ್ 25ರಂದು ನಮ್ಮ ನೆರೆಯ ವಯನಾಡಿನಲ್ಲಿ, ತಲಪ್ಪುಳ ಹತ್ತಿರದ ಕಣ್ಣೋತ್‌ಮಲೆಯಲ್ಲಿ, ಕೆಲಸ ಮುಗಿಸಿ ಮನೆಗೆ ಹೊರಟ ಹೆಂಗಸರಿದ್ದ ಜೀಪು ಕಣಿವೆಗೆ ಬಿದ್ದು 9 ಮಂದಿ ತೋಟದ ಅಕ್ಕಂದಿರು ತೀರಿಕೊಂಡರು. ಮಕ್ಕಿಮಲೆಯ ಮನೆಗಳಲ್ಲಿ ಆ ದಿನ ಒಲೆ ಹತ್ತಲಿಲ್ಲ. ಆ ಅಪಘಾತಕ್ಕೂ ಆಯಿಲ್ ಸ್ವಿಚ್ಚಿಗೂ ಸಂಬಂಧ ಕಲ್ಪಿಸುತ್ತಿಲ್ಲ. ನಾವು ದಿನವೂ ಹತ್ತಿ ಇಳಿಯುವ ವಾಹನದ ಮೇಲೆ ಎಷ್ಟು ಮನೆಗಳ ದೀಪ ನಿಂತಿದೆ ಎಂದು ನೆನಪಿಸುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮಿನಲ್ಲಿ, ಅಪಾಯ ತರುವಂಥ ದೋಷವಿದೆ ಎಂದು ತಿಳಿದೂ ವಾಹನವನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವುದು ತಪ್ಪು ಎಂದಿದೆ. ಓಡಿಸುವವನಿಗೆ ಮಾತ್ರವಲ್ಲ, ಓಡಿಸಲು ಹೇಳುವವನಿಗೂ, ಓಡಿಸಲು ಬಿಡುವವನಿಗೂ ಅದು ಅನ್ವಯಿಸುತ್ತದೆ. ಇದನ್ನು ಚಾಲಕರು ತಿಳಿದಿರಬೇಕು. ದೊರೆಗಳಿಗೆ ಮರ್ಯಾದೆಯಿಂದ ತಿಳಿಸಬೇಕು.

1951ರ ತೋಟ ಕಾರ್ಮಿಕರ ಕಾಯ್ದೆಯ ಹೆಸರು ನಮ್ಮ ಹಿರಿಯರಿಗೆ ಬಾಯಿಪಾಠ. ಅದು ಈಗ ಬೇರೆ ಕಾಯ್ದೆಗಳೊಡನೆ 2020ರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಸೇರಿದೆ; ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಹೊಸ ಸಂಹಿತೆಗಳ ವಿಚಾರದಲ್ಲಿ ಸಂಘಗಳಿಗೆ ಅನೇಕ ಆಕ್ಷೇಪಣೆಗಳಿವೆ, ಅದು ಬೇರೆ ದಿನದ ಮಾತು. ಅದರಲ್ಲಿರುವ ಒಂದು ಹಕ್ಕನ್ನು ಮಾತ್ರ ಇಂದು ಹಿಡಿದುಕೊಳ್ಳೋಣ. ಕೆಲಸದ ಸುರಕ್ಷತೆಯ ಬಗ್ಗೆ ಮಾಲೀಕರಿಂದ ಮಾಹಿತಿ ಕೇಳಲು ಕಾರ್ಮಿಕನಿಗೆ ಅಧಿಕಾರವಿದೆ. ಗಂಭೀರ ಅಪಾಯ ಕೂಡಲೇ ಆಗಬಹುದೆಂಬ ಸಕಾರಣವಾದ ಭಯವಿದ್ದರೆ ಅದನ್ನು ಮಾಲೀಕರ ಗಮನಕ್ಕೂ, ಅದೇ ಸಮಯದಲ್ಲಿ ಸರಕಾರಿ ತಪಾಸಣಾಧಿಕಾರಿಯ ಗಮನಕ್ಕೂ ತರಬಹುದು. ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ತಾರೀಖು, ಗಾಡಿಯ ನಂಬರು, ದೋಷ, ಯಾರಿಗೆ ಹೇಳಿತು ಎಂದು ನಾಲ್ಕು ಸಾಲು ಬರೆದು ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಬೇಕು.

ಕಾಣದ ಅಂಗಗಳು

ಸಂತ ಪೌಲರು ಕೊರಿಂಥದ ಸಭೆಗೆ ಬರೆಯುವಾಗ ದೇಹದ ಹೋಲಿಕೆ ಕೊಟ್ಟರು. ಬಲಹೀನವೆಂದು ತೋರುವ ಅಂಗಗಳೇ ಅತ್ಯಾವಶ್ಯಕ, ಒಂದು ಅಂಗಕ್ಕೆ ನೋವಾದರೆ ಎಲ್ಲಕ್ಕೂ ನೋವು ಎಂಬುದು ಅವರ ಬೋಧನೆ. ಎಂಜಿನ್ನಿನಲ್ಲಿ ಪಿಸ್ಟನ್ನು, ಕ್ರ್ಯಾಂಕು ಬಲಶಾಲಿಗಳು. ಮೂಲೆಯಲ್ಲಿ, ಜಿಡ್ಡಿನಲ್ಲಿ, ಕೈ ಹೋಗದ ಕಡೆ ಕುಳಿತ ಸ್ವಿಚ್ಚು ಬಲಹೀನ. ಆದರೆ ಬಲಶಾಲಿಗಳನ್ನು ಕಾಯುವುದು ಅದೇ.

ನಮ್ಮ ಲೈನುಗಳಲ್ಲಿಯೂ ಅಂಥವರುಂಟು. ಕುಡಿಯುವ ನೀರಿಗೆ ವಾಸನೆ ಬಂದಿದೆ ಎಂದು ಮೊದಲು ಹೇಳುವವಳು ಮುಂಜಾನೆ ನೀರು ಹಿಡಿಯುವ ಮುದುಕಿ. ಮದ್ದು ಹೊಡೆಯುವಾಗ ಕೈಗವಸು ಕೊಟ್ಟಿಲ್ಲ ಎಂದು ಹೇಳುವವನು ದಿನಗೂಲಿಯ ಹುಡುಗ. ಶಿಶುವಿಹಾರದ ಮಾಡು ಸೋರುತ್ತದೆ ಎಂದು ಹೇಳುವವಳು ಆಯಾ. ಹತ್ತು ಸಾರಿ ಹೇಳಿದರಲ್ಲಿ ಒಂದು ಸಾರಿ ಅವರ ಅಂದಾಜು ತಪ್ಪಾಗಬಹುದು. ಆಗ ಮೇಸ್ತ್ರಿ ಬೈಯುತ್ತಾನೆ, ನಾವೂ ನಗುತ್ತೇವೆ. ನಕ್ಕದ್ದು ಸಾಕು, ಹನ್ನೊಂದನೆಯ ಸಾರಿ ಅವರು ಬಾಯಿ ಬಿಡುವುದಿಲ್ಲ. ವಯರು ಕತ್ತರಿಸಲು ಯಾವಾಗಲೂ ಇಕ್ಕಳವೇ ಬೇಕೆಂದಿಲ್ಲ, ಒಂದು ನಗೆಯೂ ಸಾಕು. ಯಾರಾದರೂ ಅಪಾಯವೆಂದು ಹೇಳಿದರೆ ಮೊದಲು ಗೇಜು ಹಾಕಿ ನೋಡುವ ಹಾಗೆ ಹೋಗಿ ನೋಡಬೇಕು. ಇಲ್ಲವೆಂದು ಕಂಡರೆ, ಹೇಳಿದವರಿಗೆ ವಂದನೆ ಹೇಳಿ ಬರಬೇಕು.

ಇನ್ನು ಮಾಡಬೇಕಾದುದು

ಮೊದಲನೆಯದು, ನಮ್ಮ ಜೀಪಿನಲ್ಲಿ ಒಂದು ನೋಟುಪುಸ್ತಕ ಇಡೋಣ. ಎಣ್ಣೆ ಹಾಕಿದ ದಿನ, ಫಿಲ್ಟರು ಬದಲಾಯಿಸಿದ ದಿನ, ಓಡಿದ ಕಿಲೋಮೀಟರು, ಕಂಡ ದೋಷ ಎಲ್ಲವನ್ನೂ ಅದರಲ್ಲಿ ಬರೆಯಬೇಕು.

ಎರಡನೆಯದು, ತಿಂಗಳಿಗೊಮ್ಮೆ ಪೂಜೆಯ ನಂತರ ಒಂದು ಗಂಟೆ ಯುವಕ ಯುವತಿಯರು ಜೀಪಿನ ಸುತ್ತ ಕೂಡಿ ಕಡ್ಡಿ ನೋಡುವುದು, ದೀಪ ಪರೀಕ್ಷಿಸುವುದು, ಚಕ್ರ ಬಿಚ್ಚುವುದು ಕಲಿಯಬೇಕು. ಹೆಣ್ಣುಮಕ್ಕಳು ದೂರ ನಿಲ್ಲಬಾರದು. ಆ ರಾತ್ರಿ ಜೀಪಿನಲ್ಲಿದ್ದ ಅಕ್ಕನಿಗೆ ಕೆಂಪು ದೀಪದ ಅರ್ಥ ಗೊತ್ತಿದ್ದರೆ ಅಷ್ಟು ಗಲಾಟೆಯಾಗುತ್ತಿರಲಿಲ್ಲ.

ಮೂರನೆಯದು, ಜೀಪಿನ ಡಬ್ಬಿಗೆ ಮನೆಯೊಂದಕ್ಕೆ ತಿಂಗಳಿಗೆ 10 ರೂಪಾಯಿ. ಆಗದವರು ಕೊಡಬೇಕಾಗಿಲ್ಲ, ಅವರ ಹೆಸರನ್ನು ಯಾರೂ ಓದುವುದೂ ಇಲ್ಲ. ಈ ಹಣದಲ್ಲಿ ಮೊದಲು ಒಂದು ಒತ್ತಡದ ಗೇಜು, ಒಂದು ಜೊತೆ ಸ್ಟ್ಯಾಂಡು ತರಬೇಕು.

ನಾಲ್ಕನೆಯದು, ರಾತ್ರಿಯ ತುರ್ತಿಗೆ ಹೊರಡುವಾಗ ಎರಡನೆಯ ವಾಹನದವರ ಫೋನು ನಂಬರು ಬರೆದು ಗಾಜಿಗೆ ಅಂಟಿಸಿರಬೇಕು. ಮೈಸೂರು ಕಡೆಗೆ ಬಂಡೀಪುರದ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ನಮ್ಮಂಥ ವಾಹನಗಳಿಗೆ ಮುಚ್ಚಿರುತ್ತದೆ, ಆಂಬುಲೆನ್ಸಿಗೆ ಬಿಡುತ್ತಾರೆ. ಆದುದರಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ರೋಗಿಗೆ ಜೀಪನ್ನು ನಂಬದೆ ಮೊದಲೇ 108ಕ್ಕೆ ಹೇಳಬೇಕು.

ಐದನೆಯದು, ದೂರಿನ ವಿಚಾರ ಇಲ್ಲಿಗೆ ಮುಗಿಯಲಿ. ಆ ತಮ್ಮ ಈ ಭಾಷಣ ಮುಗಿದ ಕೂಡಲೇ ಕೀಲಿ ಹಿಂದಕ್ಕೆ ಕೊಡುವುದಾಗಿ ಹೇಳಿದ್ದಾನೆ. ಕೀಲಿ ತೆಗೆದುಕೊಳ್ಳುವ ಕೈ ನಮ್ಮಲ್ಲಿ ಯಾರದೂ ಮುಂದೆ ಬರಬಾರದು. ದೂರು ಹೇಳಿದವರೇ ಅವನ ಕೈ ಹಿಡಿದು, ‘ನೀನೇ ಓಡಿಸು, ದೀಪ ಹತ್ತಿದರೆ ನಿಲ್ಲಿಸು’ ಎಂದು ಹೇಳಿದರೆ ಈ ಕೂಟ ಕೂಡಿದ್ದು ಸಾರ್ಥಕ.

ಬಡಗಿಯ ಕೆಲಸ ಮಾಡಿ ಮನೆ ಸಾಕಿದ ಸಂತ ಜೋಸೆಫರು ನಮ್ಮ ದುಡಿಯುವ ಕೈಗಳನ್ನೂ, ನಮ್ಮ ದಾರಿಗಳನ್ನೂ ಕಾಪಾಡಲಿ.